ಪಿಕಪ್ಪಿನ ಹಾಸು, ಮುನಿಯಮ್ಮನ ಹಸು

ಹೋದ ವರ್ಷದ ಆಯುಧಪೂಜೆಯ ದಿನ ನಡೆದದ್ದು ಇದು. ಆದರೆ ತಿಂಗಳು ಮೊದಲಿನಿಂದ ಹೇಳಿಕೊಂಡು ಬರದಿದ್ದರೆ, ಹಬ್ಬದ ದಿನ ಹೊಸ ಪಂಚೆ ಉಟ್ಟ ಗೃಹಸ್ಥನೊಬ್ಬ ನಡುಬೀದಿಯಲ್ಲಿ ತನ್ನ ಗಾಡಿಯ ಹಿಂದೆ ನಿಂತು ಯಾಕೆ ಬೆರಳು ಮೂಸುತ್ತಿದ್ದ ಎಂಬುದು ಓದುಗರಿಗೆ ತಿಳಿಯುವುದಿಲ್ಲ.

ಹುಣಸಮಾರನಹಳ್ಳಿಯ ಒಳರಸ್ತೆಯಲ್ಲಿ ನನ್ನದೊಂದು ಗಿಡಗಳ ನರ್ಸರಿ ಇದೆ. ಹಿಂದೆಯೇ ಮನೆ. ಗುಲಾಬಿ, ದಾಸವಾಳ, ಕರಿಬೇವು, ಅಪಾರ್ಟ್‌ಮೆಂಟಿನವರು ಫೋನಿನಲ್ಲಿ ಚಿತ್ರ ತೋರಿಸಿ ಕೇಳುವ ಕೆಲವು ಎಲೆಗಿಡಗಳು, ಇಷ್ಟೇ ನನ್ನ ಸಾಮ್ರಾಜ್ಯ. ಇವನ್ನೆಲ್ಲ ಹೊತ್ತು ತಿರುಗುತ್ತಿದ್ದ ಹಳೆಯ ಪಿಕಪ್ಪು ಗೊಬ್ಬರದ ನೀರು ಕುಡಿದು ಕುಡಿದು ತುಕ್ಕು ಹಿಡಿಯಿತು. ಒಂದು ದಿನ ಯಲಹಂಕದ ಹತ್ತಿರ ಅದರ ತಳವೇ ತೂತಾಗಿ ಕರಿಬೇವಿನ ಸಸಿಯೊಂದು ರಸ್ತೆಗೆ ಇಳಿದುಬಿಟ್ಟಿತು. ಸ್ಕೂಟರಿನಲ್ಲಿ ಬಂದ ಒಬ್ಬರು ಅದನ್ನು ಎತ್ತಿ ತಂದುಕೊಟ್ಟು, "ಸಾರ್, ನಿಮ್ ಗಾಡಿ ದಾರಿಯುದ್ದಕ್ಕೂ ಗಿಡ ನೆಡ್ತಾ ಬರ್ತಿದೆ, ಒಳ್ಳೇ ಕೆಲ್ಸ" ಎಂದರು. ನಾನು ಧನ್ಯವಾದ ಹೇಳಿ ಹೊಸ ಗಾಡಿ ಕೊಳ್ಳಲು ತೀರ್ಮಾನಿಸಿದೆ.

ಹೊಸ ಪಿಕಪ್ಪು ಬಂದ ದಿನವೇ ಮನಸ್ಸಿನಲ್ಲಿ ಒಂದು ಪ್ರತಿಜ್ಞೆ ಮಾಡಿದೆ: ಇದರ ತಳ ತುಕ್ಕು ಹಿಡಿಯಬಾರದು. ಅದಕ್ಕೆ ಕುಂಡ ಹೇರುವ ಹಿಂದಿನ ಬಾಡಿಯೊಳಗೆ ಹಾಸು ಹಾಕಿಸಬೇಕು. ಲೈನರ್ ಅನ್ನುತ್ತಾರಲ್ಲ, ಅದು. ಯಾವುದೋ ಒಂದು ಹಾಕಿಸಿದರಾಯಿತು ಎಂದು ನೀವು ಹೇಳಬಹುದು. ನನ್ನ ಹೆಂಡತಿ ಸರೋಜಳೂ ಅದನ್ನೇ ಹೇಳಿದಳು. ಆದರೆ ಒಂದು ವಸ್ತುವಿನ ಬಗ್ಗೆ ಒಮ್ಮೆ ಕೇಳಲು ಶುರು ಮಾಡಿದರೆ ಅದರ ವಂಶವೃಕ್ಷ ತಿಳಿಯುವವರೆಗೆ ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ.

ಅವಳ ತಮ್ಮ ನಾಗರಾಜ ನನ್ನ ಗಾಡಿ ಓಡಿಸುತ್ತಾನೆ, ಜೊತೆಗೆ ವಿರೋಧಪಕ್ಷದ ಕೆಲಸವನ್ನೂ ನೋಡಿಕೊಳ್ಳುತ್ತಾನೆ. ಅವನಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಲೈನರ್ ಬೇಕಿತ್ತು. ದೊಡ್ಡ ಟಬ್ಬಿನಂತೆ ಬಾಡಿಯೊಳಗೆ ಕೂರುತ್ತದೆ, ನೋಡಲು ಥಳಥಳ. ಯಶವಂತಪುರದ ಅಂಗಡಿಯೊಂದರಲ್ಲಿ ಅದನ್ನು ನೋಡಿದೆವು. "ಇದರ ಕೆಳಗೆ ನೀರು ಸೇರಿಕೊಂಡರೆ?" ಎಂದು ಕೇಳಿದೆ. ಅಂಗಡಿಯವರು "ಸೇರಲ್ಲ ಸಾರ್" ಎಂದರು. "ಸೇರಿದರೆ ಗೊತ್ತಾಗುವುದು ಹೇಗೆ?" ಎಂದೆ. ಅವರು ಬೇರೆ ಗಿರಾಕಿಯ ಕಡೆ ತಿರುಗಿದರು.

ಅಲ್ಲೇ ಪಕ್ಕದಲ್ಲಿ ಬಣ್ಣದಂತೆ ಸಿಂಪಡಿಸುವ ಲೈನರ್ ಹಾಕುತ್ತಿದ್ದರು. ಒಣಗಿದ ಮೇಲೆ ಮರಳುಕಾಗದದ ಹಾಗೆ ಒರಟು. ಸುತ್ತಿಗೆಯಿಂದ ಹೊಡೆದು ತೋರಿಸಿದರು, ಏನೂ ಆಗಲಿಲ್ಲ. ನನಗೂ ಒಂದು ಸಲ ಹೊಡೆಯಲು ಕೊಟ್ಟರು, ಆಗಲೂ ಏನೂ ಆಗಲಿಲ್ಲ. ಮನಸ್ಸು ಅತ್ತ ವಾಲಿತು. ಆದರೆ ಒಮ್ಮೆ ಹಚ್ಚಿದರೆ ತೆಗೆಯುವ ಹಾಗಿಲ್ಲವಂತೆ. ಎತ್ತಿ ಕೆಳಗೆ ಇಣುಕಲು ಆಗದ ವಸ್ತುವಿನ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಅಲ್ಯೂಮಿನಿಯಂ ತಗಡೂ ನೋಡಿದ್ದಾಯಿತು. ಬಿಸಿಲಿಗೆ ಅದು ದೋಸೆ ಕಾವಲಿ. ನನ್ನ ಸಸಿಗಳು ಹೋಗಬೇಕಾದದ್ದು ಗಿರಾಕಿಗಳ ಬಾಲ್ಕನಿಗೆ, ಒಗ್ಗರಣೆಗಲ್ಲ.

ಕೊನೆಗೆ ಆರ್‌.ಟಿ. ನಗರದಲ್ಲಿ ಟಾರ್ಪಾಲು, ಸೀಟುಕವರಿನ ಅಂಗಡಿ ಇಟ್ಟಿರುವ ನನ್ನ ಹಳೆಯ ಗೆಳೆಯ ಅನ್ವರ್ ದಪ್ಪ ರಬ್ಬರಿನ ಮ್ಯಾಟು ತೋರಿಸಿದ. ಮೈಮೇಲೆಲ್ಲ ಸಣ್ಣ ಸಣ್ಣ ಗುಬುಟು. ಬೇಕಾದಾಗ ಎತ್ತಿ ತೊಳೆಯಬಹುದು, ಇಣುಕಬಹುದು. ನಾನು ಎಲ್ಲ ಕಡೆಯಿಂದಲೂ ಒಂದೊಂದು ತುಂಡು ತಂದು ಮನೆಯಲ್ಲಿ ಪರೀಕ್ಷೆ ನಡೆಸಿದೆ. ಹಲಗೆಯ ಮೇಲೆ ತುಂಡು ಇಡುವುದು, ಅದರ ಮೇಲೆ ಒದ್ದೆ ಮಣ್ಣು ತುಂಬಿದ ಕುಂಡ ಇಡುವುದು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗುವುದು, ಕುಂಡ ಯಾವಾಗ ಜಾರುತ್ತದೆಂದು ಕಾಯುವುದು. ಪ್ಲಾಸ್ಟಿಕ್ಕಿನ ಮೇಲಿದ್ದ ಕುಂಡ ಅಪ್ಪಣೆಗೇ ಕಾಯುತ್ತಿದ್ದಂತೆ ಜಾರಿತು. ರಬ್ಬರಿನ ಮೇಲಿದ್ದದ್ದು ಕೊನೆಯವರೆಗೂ ಜಾರಲೇ ಇಲ್ಲ, ಮಗುಚಿ ಬಿತ್ತು. ಜಾರದೆ ಮಗುಚುವುದು ನನ್ನ ಲೆಕ್ಕದಲ್ಲಿ ಡಿಸ್ಟಿಂಕ್ಷನ್.

ಒಡೆದ ಕುಂಡ ಗುಡಿಸುತ್ತಾ ಸರೋಜ ಹೇಳಿದಳು: "ಹೆಣ್ಣು ನೋಡೋಕ್ ಬಂದಾಗ ನಿಮ್ಮಪ್ಪ ಒಂದ್ ಲೋಟ ಕಾಫಿ ಕುಡಿದು ಹೂಂ ಅಂದಿದ್ರು. ನೀವು ರಬ್ಬರಿಗೆ ಇಷ್ಟು ದಿನ ತಗೊಂಡ್ರಿ."

ಅಂತೂ ಮ್ಯಾಟು ಬಂತು, ಬಾಡಿಯಲ್ಲಿ ಕೂತಿತು. ಅದರ ಮೇಲೆ ಕುಂಡಗಳು ಅಲ್ಲಾಡದೆ ಹೆಬ್ಬಾಳದವರೆಗೆ ಹೋಗಿ ಬಂದವು. ನಾನು ಸಿಕ್ಕಸಿಕ್ಕವರಿಗೆಲ್ಲ ಹಿಡಿತದ ಮಹತ್ವ ಬೋಧಿಸುತ್ತಾ ಓಡಾಡಿದೆ.

ಆಯುಧಪೂಜೆ ಬಂತು. ಬೆಳಗ್ಗೆಯೇ ನಾಗರಾಜ ಗಾಡಿ ತೊಳೆದು ಸಿಂಗರಿಸಿದ. ಮುಂದೆ ಎರಡು ಬಾಳೆಕಂದು, ಸೇವಂತಿಗೆ ಹಾರ, ವಿಭೂತಿ ಪಟ್ಟೆ, ಕುಂಕುಮ. ಸನಿಕೆ, ಗುದ್ದಲಿ, ಕತ್ತರಿ, ನೀರು ಹಾಕುವ ಕ್ಯಾನುಗಳೂ ಸಾಲಾಗಿ ನಿಂತು ಪೂಜೆ ಮಾಡಿಸಿಕೊಂಡವು. ಗಾಡಿ ನಿಂಬೆಹಣ್ಣು ತುಳಿದು ಒಂದು ಸುತ್ತು ಬಂತು. ಆಮೇಲೆ ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಪೂಜೆಯಾದ ಆಯುಧವನ್ನು ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ. ಅದಕ್ಕೂ ಒಂದು ದಿನ ರಜೆ. ನಮ್ಮ ಮನೆಯಲ್ಲಿ ಈ ಕಾನೂನಿನ ಪಾಲನೆ ಸರೋಜಳದು. ಒಂದು ವರ್ಷ ಪೂಜೆಯಾದ ಮೇಲೆ ಕತ್ತರಿ ಎತ್ತಿಕೊಂಡು ಗುಲಾಬಿಯ ಒಣಕಡ್ಡಿ ಕತ್ತರಿಸಿದ್ದಕ್ಕೆ ನನಗೆ ಸಂಜೆಯವರೆಗೆ ಕಾಫಿ ಸಿಕ್ಕಿರಲಿಲ್ಲ.

ಹೋಳಿಗೆ ಊಟ ಮುಗಿಸಿ ಜಗಲಿಯ ಮೇಲೆ ಕೂತಿದ್ದೆವು. ಮುನಿಯಮ್ಮ ಓಡುತ್ತಾ ಬಂದರು.

ಮುನಿಯಮ್ಮ ಹಳೇ ಊರಿನವರು. ಸುತ್ತ ಲೇಔಟು ಬಂದು ಎಲ್ಲರೂ ದನ ಮಾರಿಕೊಂಡ ಮೇಲೂ ಹಿಂದಿನ ಬೀದಿಯಲ್ಲಿ ಒಂದು ಸೀಮೆಹಸು ಕಟ್ಟಿಕೊಂಡಿದ್ದಾರೆ. ಅದರ ಹೆಸರು ಲಚ್ಚಿ. ಅದರ ಹಾಲಿನಲ್ಲೇ ಅವರ ಸಂಸಾರ ನಡೆಯುತ್ತದೆ. ನಮ್ಮ ಮನೆಯ ಕಾಫಿಗೆ ಲಚ್ಚಿಯದೇ ಹಾಲು, ನನ್ನ ಗಿಡಗಳಿಗೆ ಅದರದೇ ಗೊಬ್ಬರ. ಹೀಗಾಗಿ ನಮ್ಮಿಬ್ಬರ ಮನೆಯ ನಡುವೆ ಲಚ್ಚಿ ಎರಡೂ ತುದಿಯಿಂದ ವ್ಯವಹಾರ ಇಟ್ಟುಕೊಂಡಿತ್ತು.

"ಅಣ್ಣಾ, ಲಚ್ಚಿ ಬೆಳಗ್ಗೆಯಿಂದ ನೋವು ತಿಂತಾ ಅದೆ. ಕರ ಒಳಗೇ ಅಡ್ಡ ಸಿಗಾಕ್ಕೊಂಡದಂತೆ. ಡಾಕ್ಟ್ರು ಬಂದು ನೋಡಿದ್ರು. ಇಲ್ಲಾಗಲ್ಲ, ಎಬ್ಬಾಳದ ದೊಡ್ಡಾಸ್ಪತ್ರೆಗೆ ಒಡ್ಕೊಂಡೋಗಿ, ತಡ ಮಾಡಿದ್ರೆ ಅಸೂನೂ ಉಳಿಯಲ್ಲ ಅಂದ್ರು." ಅವರ ಉಸಿರು ಮೇಲಕ್ಕೆ ಹೋಗಿ ಕೆಳಗಿಳಿಯುತ್ತಿರಲಿಲ್ಲ. "ಗಾಡಿಯೋರ್ನೆಲ್ಲಾ ಕೇಳ್ದೆ. ಪೂಜೆ ಆಗೋಗದೆ, ನಾಳೆ ಬೆಳಗ್ಗೆ ನೋಡಾನ ಅಂತಾರೆ."

ನಾನು ಸರೋಜಳ ಮುಖ ನೋಡಿದೆ. ನಾಗರಾಜನೂ ಅಕ್ಕನ ಮುಖ ನೋಡಿದ. ಮುನಿಯಮ್ಮನಂತೂ ಅವಳ ಮುಖ ಬಿಟ್ಟು ಬೇರೆ ಎಲ್ಲೂ ನೋಡಲಿಲ್ಲ.

"ನನ್ ಮುಖದಲ್ಲೇನಿದೆ?" ಎಂದಳು ಸರೋಜ. "ಬೀಗದ ಕೈ ತಗೊಳ್ಳಿ. ದೇವರ ಹತ್ರ ನಾನ್ ಮಾತಾಡ್ಕೋತೀನಿ."

ಈಗ ಇನ್ನೊಂದು ಪ್ರಶ್ನೆ ಎದ್ದಿತು. ಹಸುವನ್ನು ಅಷ್ಟು ಎತ್ತರದ ಬಾಡಿಯೊಳಕ್ಕೆ ಹತ್ತಿಸುವುದು ಹೇಗೆ? ನಮ್ಮ ಬೀದಿಯಲ್ಲಿ ಎತ್ತರವಾದದ್ದು ಒಂದೇ ಒಂದಿತ್ತು: ಎದುರು ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದ ಶ್ರೀಕಂಠಯ್ಯನವರ ಮರಳಿನ ಗುಡ್ಡೆ.

ಶ್ರೀಕಂಠಯ್ಯನವರು ಆ ಮರಳನ್ನು ಕಾಯುತ್ತಿದ್ದ ರೀತಿ ಬೀದಿಗೆಲ್ಲ ಗೊತ್ತು. ಅದರ ಮೇಲೆ ಟಾರ್ಪಾಲು, ಸುತ್ತ ಕಲ್ಲು, ಎದುರಿಗೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಅವರು. ನಾಯಿ ಮಲಗುವ ಹಾಗಿಲ್ಲ, ಬೆಕ್ಕು ಹಾಯುವ ಹಾಗಿಲ್ಲ. ನನ್ನ ಜೊತೆ ಅವರು ಆಡಿದ ಮೊದಲ ಮಾತೇ "ರೀ ನರ್ಸರಿಯವರೇ, ನಿಮ್ಮ ಕುಂಡದಲ್ಲಿರೋ ಮರಳು ನನ್ನದಾ?" ಎಂಬುದು. ಅಂದಿನಿಂದ ನಮ್ಮ ನಡುವೆ ಮಾತುಕತೆ ಇರಲಿಲ್ಲ.

ಅಂದು ಕುರ್ಚಿ ಖಾಲಿ ಇತ್ತು. ಊಟಕ್ಕೆ ಹೋಗಿರಬೇಕು. ನಾಗರಾಜ ಕಲ್ಲು, ಟಾರ್ಪಾಲು ಸರಿಸಿ, ಗಾಡಿಯನ್ನು ಹಿಮ್ಮುಖವಾಗಿ ತಂದು ಗುಡ್ಡೆಗೆ ತಾಗಿಸಿ ಹಿಂದಿನ ಬಾಗಿಲು ಇಳಿಸಿದ. ಮುನಿಯಮ್ಮ ಲಚ್ಚಿಯನ್ನು ಮೆಲ್ಲಗೆ ನಡೆಸಿಕೊಂಡು ಬಂದರು. ಹೊಟ್ಟೆ ಬಿಗಿದಿತ್ತು, ಕಣ್ಣು ದೊಡ್ಡದಾಗಿತ್ತು, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಹೇಗೋ ಗುಡ್ಡೆ ಹತ್ತಿತು. ಮುಂಗಾಲುಗಳನ್ನು ನನ್ನ ಮ್ಯಾಟಿನ ಮೇಲೆ ಇಟ್ಟಿತು.

ಇಟ್ಟ ಕಾಲು ಇಟ್ಟಲ್ಲಿ ನಿಲ್ಲಲಿಲ್ಲ. ಸೊಯ್ಯನೆ ಜಾರಿ ಲಚ್ಚಿ ಮೊಣಕಾಲಿನ ಮೇಲೆ ಕುಸಿಯಿತು. ಮುನಿಯಮ್ಮ "ಅಯ್ಯೋ ನನ್ನವ್ವಾ" ಎಂದು ಕೂಗಿದರು. ಹಸು ಹೇಗೋ ಎದ್ದು ಹಿಂದಕ್ಕೆ ಸರಿದು ಮರಳಿನಲ್ಲಿ ಕಾಲೂರಿ ನಿಂತುಬಿಟ್ಟಿತು. ಎಳೆದರೂ ಇಲ್ಲ, ದಬ್ಬಿದರೂ ಇಲ್ಲ.

ಒದ್ದೆ ಕುಂಡ ಜಾರದ ಮ್ಯಾಟಿನ ಮೇಲೆ ಹಸು ಯಾಕೆ ಜಾರಿತು? ಅಂಥ ಹೊತ್ತಿನಲ್ಲೂ ನನಗೆ ಈ ಪ್ರಶ್ನೆಯೇ ಮೊದಲು ಬಂದದ್ದು. ಬಗ್ಗಿ ಮ್ಯಾಟನ್ನು ಮುಟ್ಟಿದೆ. ಬೆರಳು ನುಣ್ಣಗಾಯಿತು. ಮೂಸಿದೆ.

"ನಾಗರಾಜ, ಇದಕ್ಕೆ ಏನು ಹಚ್ಚಿದೀಯ?"

"ಕೊಬ್ಬರಿ ಎಣ್ಣೆ ಭಾವ."

"ಯಾಕೆ?"

"ಪೂಜೆಗೆ ಮಿಂಚಬೇಕಲ್ವಾ? ಟೈರಿಗೂ ಹಚ್ಚಿದೀನಿ, ನೋಡಿ ಹೆಂಗೆ ಹೊಳೀತಿದೆ."

ದಿನಗಟ್ಟಲೆ ಮೂರು ಬಡಾವಣೆ ಸುತ್ತಿ ಸಂಪಾದಿಸಿದ ಹಿಡಿತವನ್ನು ನನ್ನ ಭಾವಮೈದುನ ಭಕ್ತಿಯಿಂದ, ಕೈಯಾರೆ, ಮೂಲೆ ಮೂಲೆಗೂ ಎಣ್ಣೆ ಸವರಿ ಮುಗಿಸಿದ್ದ. ಬೈಯಲು ಬಾಯಿ ತೆರೆದೆ. ಲಚ್ಚಿ ನರಳಿತು. ಬಾಯಿ ಮುಚ್ಚಿದೆ.

"ಮ್ಯಾಟ್ ಕಿತ್ತಾಕ್ಬಿಡ್ಲಾ?" ಎಂದ ನಾಗರಾಜ. ಕೆಳಗಿದ್ದದ್ದು ಹೊಸ ಬಣ್ಣದ ತಗಡು, ಅದು ಇನ್ನೂ ನುಣುಪು. ಗೋಣಿಚೀಲ ತಂದು ಹಾಸಿದೆವು. ಎಣ್ಣೆಯ ಮೇಲೆ ಚೀಲವೇ ಜಾರುತ್ತಿತ್ತು. ಸರೋಜ ಸೋಪಿನ ನೀರು ತರಲು ಒಳಗೆ ಓಡಿದಳು. ಸೋಪಿನ ನೀರು ಹಿಡಿತ ಕೊಡುತ್ತದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಸುಮ್ಮನೆ ನಿಲ್ಲಲು ಯಾರಿಗೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಎದುರಿನ ಅರೆಕಟ್ಟಿದ ಮನೆಯೊಳಗಿಂದ ಕೂಗು ಬಂತು. "ರೀ! ನನ್ ಮರಳಿನ ಮೇಲೆ ದನ ಹತ್ತಿಸಿದೀರಲ್ರೀ! ಹೇಳೋರು ಕೇಳೋರು ಇಲ್ವಾ?"

ಶ್ರೀಕಂಠಯ್ಯನವರು. ಎಂಜಲು ಕೈಯಲ್ಲೇ ಬಂದಿದ್ದರು. ಕೈಯಲ್ಲಿ ಇನ್ನೂ ಚಿತ್ರಾನ್ನದ ಅರಿಸಿನವಿತ್ತು. ಮುನಿಯಮ್ಮ ಹಸುವಿನ ಕತ್ತು ತಬ್ಬಿಕೊಂಡೇ, "ಸ್ವಾಮಿ, ಬಯ್ಯಬ್ಯಾಡಿ. ಅಸು ಸಾಯ್ತಾ ಅದೆ" ಎಂದರು.

ಅವರು ಹಸುವನ್ನು ನೋಡಿದರು. ಮ್ಯಾಟನ್ನು ನೋಡಿದರು. ನನ್ನ ಬೆರಳುಗಳನ್ನು ನೋಡಿದರು. ಜಗಳಕ್ಕೆ ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು ನಿಂತಿದ್ದೆ.

"ಎಣ್ಣೆನಾ?" ಎಂದರು.

"ಎಣ್ಣೆ" ಎಂದೆ.

"ಮರಳು ಹಾಕ್ರೀ ಮತ್ತೆ! ನಿಂತ್ಕೊಂಡು ಏನ್ ನೋಡ್ತಿದೀರಿ?" ಎಂದವರೇ ತಾವೇ ಬಾಂಡ್ಲಿ ತಂದರು. ನಾಗರಾಜ ಪಕ್ಕದಲ್ಲಿದ್ದ ಪುಟ್ಟ ಗುಡ್ಡೆಗೆ ಕೈ ಹಾಕಿದ. ತಕ್ಷಣ ಗದರಿದರು: "ಏಯ್, ಅದು ಜರಡಿ ಹಿಡಿದಿರೋದು, ಗಾರೆಗೆ! ಇದು ತಗೊಳ್ಳಪ್ಪಾ, ದಪ್ಪದ್ದು. ಕಾಲಿಗೆ ಕಚ್ಚುತ್ತೆ."

ಬಾಂಡ್ಲಿಯ ಮೇಲೆ ಬಾಂಡ್ಲಿ ಮರಳು ನನ್ನ ಹೊಸ ಮ್ಯಾಟಿನ ಮೇಲೆ ಬಿತ್ತು. ನಾನು ಕೈಯಿಂದ ಹರಡಿದೆ. ಶ್ರೀಕಂಠಯ್ಯನವರು ಮನೆ ಕಟ್ಟುವವರ ಕಣ್ಣಿನಿಂದ ನೋಡಿ, "ಆ ಮೂಲೆ ತಗ್ಗಿದೆ, ಸಮ ಮಾಡಿ" ಎಂದರು. ಸಮ ಮಾಡಿದೆ.

"ಈಗ ಯಾರೂ ಎಳೀಬೇಡಿ" ಎಂದಳು ಸೋಪಿನ ನೀರು ಹಿಡಿದು ಬಂದ ಸರೋಜ. ಯಾರೂ ಎಳೆಯಲಿಲ್ಲ. ಲಚ್ಚಿ ಮೂತಿ ಚಾಚಿ ಮರಳನ್ನು ಮೂಸಿತು. ಬಲಗಾಲು ಎತ್ತಿ ಒಳಗಿಟ್ಟಿತು. ಮತ್ತೆ ಎತ್ತಿಕೊಂಡಿತು. ಮತ್ತೆ ಇಟ್ಟಿತು. ಗೊರಸಿನ ಕೆಳಗೆ ಮರಳು ಕರಕರ ಎಂದಿತು. ಸ್ವಲ್ಪ ಭಾರ ಹಾಕಿತು, ನಿಲ್ಲಿಸಿತು, ಇನ್ನಷ್ಟು ಹಾಕಿತು. ನಾನು ಹಲಗೆ ಎತ್ತಿ ಕುಂಡ ಪರೀಕ್ಷಿಸಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಆ ನೋವಿನಲ್ಲೂ ಅದು ನೆಲವನ್ನು ಪರೀಕ್ಷಿಸುತ್ತಿತ್ತು. ಆಮೇಲೆ ಎಡಗಾಲು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು ಪೂರ್ತಿ ಒಳಗೆ ಬಂದಿತು.

ನಾಗರಾಜ ಓಡಿಹೋಗಿ ಸ್ಟೇರಿಂಗ್ ಹಿಡಿದ. ಮುನಿಯಮ್ಮ ತಲೆಯ ಕಡೆ, ನಾನು ಒಂದು ಪಕ್ಕ. ಇನ್ನೊಂದು ಪಕ್ಕಕ್ಕೆ ಶ್ರೀಕಂಠಯ್ಯನವರು ಪಂಚೆ ಎತ್ತಿ ಕಟ್ಟಿ ಹತ್ತಿದರು. "ನೀವ್ ಯಾಕೆ ಸಾರ್, ಊಟ ಅರ್ಧಕ್ಕೇ ಬಿಟ್ಟು?" ಎಂದೆ. "ನನ್ ಮರಳು ಎಲ್ಲಿಗೋ ನಾನೂ ಅಲ್ಲಿಗೇ" ಎಂದರು. ಮುಖದಲ್ಲಿ ನಗು ಇರಲಿಲ್ಲ, ಆದ್ದರಿಂದ ನಾನೂ ನಗಲಿಲ್ಲ.

ಏರ್‌ಪೋರ್ಟ್ ರಸ್ತೆಯಲ್ಲಿ ನಮ್ಮನ್ನು ನೋಡಿದವರು ಏನೆಂದುಕೊಂಡರೋ. ಮುಂದೆ ಬಾಳೆಕಂದು, ಹಾರ, ಕುಂಕುಮ. ಹಿಂದೆ ಒಂದು ಹಸು, ಅದರ ಮೂರು ಕಡೆ ಮೂವರು ವಯಸ್ಸಾದವರು. ಪಕ್ಕದ ಕಾರಿನಲ್ಲಿದ್ದ ಹೆಂಗಸೊಬ್ಬರು ಮೆರವಣಿಗೆ ಎಂದುಕೊಂಡು ಕೈಮುಗಿದರು. ಅವಸರದಲ್ಲಿ ನಾನು ಚಪ್ಪಲಿ ಹಾಕಿರಲಿಲ್ಲ, ಬರಿಗಾಲಿನ ಕೆಳಗೆ ಮರಳು ಚುಚ್ಚುತ್ತಿತ್ತು.

ಹೆಬ್ಬಾಳದ ಫ್ಲೈಓವರಿಗೆ ಸ್ವಲ್ಪ ಮುಂಚೆ ಒಂದು ಬಸ್ಸು ಎಡದಿಂದ ನುಗ್ಗಿತು. ನಾಗರಾಜ ಬ್ರೇಕ್ ಒತ್ತಿದ. ಗಾಡಿ ನಿಂತಿತು. ನಾವು ಮೂವರೂ ಮುಂದಕ್ಕೆ ಬಾಗಿದೆವು. ಲಚ್ಚಿಯ ನಾಲ್ಕು ಕಾಲೂ ಅಗಲವಾದವು. ಈಗ ಬಿದ್ದರೆ ಮತ್ತೆ ಏಳುವ ಶಕ್ತಿ ಅದಕ್ಕಿರಲಿಲ್ಲ. ಮುನಿಯಮ್ಮ ಕಣ್ಣು ಮುಚ್ಚಿಕೊಂಡರು. ಗೊರಸು ಮರಳಿನಲ್ಲಿ ಒಂದು ಬೆರಳಿನಷ್ಟು ಸರಿಯಿತು, ಅಲ್ಲಿಗೇ ಕಚ್ಚಿಕೊಂಡಿತು. ನನ್ನ ಕಾಲೂ ಹಾಗೆಯೇ ಸರಿದು, ಹಾಗೆಯೇ ಕಚ್ಚಿಕೊಂಡಿತ್ತು. ಆ ಒಂದು ಗಳಿಗೆ ಹಸುವಿನ ಕಾಲಿಗೆ ಏನು ತಿಳಿಯಿತೋ ಅದು ನನ್ನ ಕಾಲಿಗೂ ತಿಳಿಯಿತು.

"ನಿಂತ್ಕೊಂಡ್ಲು" ಎಂದರು ಶ್ರೀಕಂಠಯ್ಯನವರು, ಯಾರಿಗೆಂದಿಲ್ಲದೆ.

ಆಸ್ಪತ್ರೆಯಲ್ಲಿ ಹಬ್ಬದ ದಿನವೂ ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಭುಜದವರೆಗೆ ಕೈಗವಸು ಏರಿಸಿಕೊಂಡು ಕೆಲಸಕ್ಕೆ ನಿಂತರು. ಕರುವಿನ ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತಂತೆ. ಬಹಳ ಹೊತ್ತು ಹಿಡಿಯಿತು. ಮುನಿಯಮ್ಮ ಹಸುವಿನ ಕಿವಿಯಲ್ಲಿ ಏನೇನೋ ಹೇಳುತ್ತಲೇ ಇದ್ದರು. ಕೊನೆಗೆ ಕರು ಹೊರಗೆ ಬಂತು, ಅಲುಗಾಡಲಿಲ್ಲ. ಡಾಕ್ಟರು ಮೂಗಿನಲ್ಲಿದ್ದ ಲೋಳೆ ತೆಗೆದು, ಒಣಹುಲ್ಲಿನಿಂದ ಮೈಯನ್ನು ಗಸಗಸ ಉಜ್ಜಿದರು. ಉಜ್ಜಿದರು. ಇನ್ನೂ ಉಜ್ಜಿದರು. ಅದು ಸೀನಿತು.

"ಹೋರಿಗರು" ಎಂದರು ಡಾಕ್ಟರು, ಸ್ವಲ್ಪ ಸಂಕೋಚದಿಂದ. ಹೆಣ್ಣುಗರುವಾಗಿದ್ದರೆ ಮುಂದೆ ಹಾಲಿಗಾಗುತ್ತಿತ್ತು ಎಂದು ಅವರಿಗೂ ಗೊತ್ತು.

"ಗಂಡಾದ್ರೇನವ್ವಾ, ಬುಡಿ" ಎಂದರು ಮುನಿಯಮ್ಮ. "ಅವ್ಳು ಉಳ್ಕೊಂಡ್ಲಲ್ಲ." ಹಾಗೆಂದು ಅಲ್ಲೇ ನೆಲದ ಮೇಲೆ ಕೂತು, ಬೆಳಗ್ಗೆಯಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತರು.

ಮರುದಿನ, ವಿಜಯದಶಮಿಯ ಬೆಳಗ್ಗೆ, ತಾಯಿ ಮಗ ಇಬ್ಬರನ್ನೂ ಅದೇ ಗಾಡಿಯಲ್ಲಿ ಮನೆಗೆ ತಂದೆವು. ಇಳಿಸಿದ ಮೇಲೆ ಲಚ್ಚಿ ನೇರ ಗಾಡಿಯ ಮುಂದಕ್ಕೆ ಹೋಗಿ ಬಾಳೆಕಂದನ್ನೂ ಸೇವಂತಿಗೆ ಹಾರವನ್ನೂ ತಿಂದು ಮುಗಿಸಿತು. ಪೂಜೆ ಮಾಡಿದ ಹೂವು ಎಂದು ನಾಗರಾಜ ಏನೋ ಹೇಳಲು ಹೋದ. ಸರೋಜ ಕಣ್ಣಲ್ಲೇ ತಡೆದಳು.

ಮ್ಯಾಟು ಹಾಳಾಯಿತು. ಎಣ್ಣೆಯೂ ಮರಳೂ ಸೇರಿ ಗುಬುಟುಗಳ ಸಂದಿಯಲ್ಲಿ ಕಲ್ಲಾಗಿ ಕೂತಿವೆ. ಬ್ರಷ್ಷು, ಪೈಪು ಯಾವುದಕ್ಕೂ ಬಗ್ಗಿಲ್ಲ. ಅನ್ವರ್ ನೋಡಿ, "ಕ್ಯಾ ಭಾಯ್, ಮ್ಯಾಟನ್ನ ರಸ್ತೆ ಮಾಡಿಟ್ಟಿದೀರ" ಎಂದು ಬೇರೆ ಹಾಕಿಕೊಡಲು ಬಂದ. ಬೇಡವೆಂದೆ. ಅದರ ಮೇಲೆ ಕುಂಡಗಳು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತವೆ. ಶ್ರೀಕಂಠಯ್ಯನವರ ಮನೆಯ ಗೃಹಪ್ರವೇಶಕ್ಕೆ ಗಿಡಗಳೆಲ್ಲ ನಮ್ಮ ನರ್ಸರಿಯಿಂದಲೇ ಹೋದವು. ಅವರು ಈಗಲೂ ನನ್ನ ಕುಂಡಗಳನ್ನು ಅನುಮಾನದಿಂದಲೇ ನೋಡುತ್ತಾರೆ, ಆದರೆ ಕಾಫಿ ಕುಡಿಯುತ್ತಾ ನೋಡುತ್ತಾರೆ.

ನನ್ನ ಸಂಶೋಧನೆಯ ಕೀರ್ತಿ ಹೇಗೋ ಹಬ್ಬಿದೆ. ಹೊಸ ಪಿಕಪ್ಪು ಕೊಂಡವರು ಯಾವ ಲೈನರ್ ಒಳ್ಳೆಯದೆಂದು ಕೇಳಿಕೊಂಡು ಬರುತ್ತಾರೆ. ದಪ್ಪ, ಬೆಲೆ, ಬಾಳಿಕೆ ಎಲ್ಲವನ್ನೂ ಹೇಳಬಲ್ಲೆ, ಹೇಳುತ್ತೇನೆ ಕೂಡ. ಆದರೆ ಹೇಳುವಾಗೆಲ್ಲ ನೋವಿನಲ್ಲಿದ್ದ ಒಂದು ಜೀವ ಕಾಲಿಟ್ಟು, ತೆಗೆದು, ಮತ್ತೆ ಇಟ್ಟದ್ದು ಕಣ್ಣ ಮುಂದೆ ಬರುತ್ತದೆ. ಆಗ ಅವರಿಗೆ ಒಂದೇ ಹೇಳುತ್ತೇನೆ: ಅಂಗಡಿಯಲ್ಲೇ ಲೈನರನ್ನು ಗಾಡಿಯೊಳಗೆ ಹಾಸಿಸಿ, ಚಪ್ಪಲಿ ಬಿಟ್ಟು ಹತ್ತಿ ಅದರ ಮೇಲೆ ಒಂದು ಗಳಿಗೆ ನಿಂತು ನೋಡಿ, ಗಾಡಿಯನ್ನು ಸ್ವಲ್ಪ ಅಲ್ಲಾಡಿಸಲು ಯಾರಿಗಾದರೂ ಹೇಳಿ. ಅಂಗಡಿಯವರು ನಗುತ್ತಾರೆ. ನಗಲಿ.